ಕಾಗದದ ಮೇಲಿನ ಸರ್ಕೀಟು

ಗೋಕಾಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ನನ್ನ ಸಂಶೋಧನೆ ಸರ್ಕೀಟುಗಳ ಮೇಲೆ ಎಂದು ಬಾಯಿಬಿಟ್ಟರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ತಪ್ಪು ಕೇಳುವವರದ್ದಲ್ಲ. ‘ಮತ್ತು’, ‘ಅಥವಾ’, ‘ಅಲ್ಲ’ ಎನ್ನುವ ಪುಟ್ಟ ಗೇಟುಗಳನ್ನು ಜೋಡಿಸಿ ಒಂದು ಪ್ರಶ್ನೆ ಬಿಡಿಸಲು ಕನಿಷ್ಠ ಎಷ್ಟು ಗೇಟು ಬೇಕು ಎಂದು ಯೋಚಿಸುತ್ತ ಕೂರುವುದೂ ಒಂದು ಕೆಲಸ ಎಂದರೆ ಯಾರು ನಂಬಬೇಕು?

ಮಿಕ್ಸರ್

ಬಾಜೂ ಮನೆಯ ಕಾಕೂ ಕೆಟ್ಟ ಮಿಕ್ಸರ್ ಹಿಡಿದು ಬಂದರು. “ಸರ್ಕೀಟಿನಾಗ ಭಾಳ ಓದೀಯಂತಲ್ಲವಾ, ಇದನ್ನಷ್ಟ ನೋಡು.”

“ಕಾಕೂ, ನನ್ನ ಸರ್ಕೀಟು ಕಾಗದದ ಮ್ಯಾಲಿನವು. ಅದರಾಗ ಕರೆಂಟ್ ಹರಿಯಂಗಿಲ್ರಿ.”

ಕಾಕೂ ನನ್ನನ್ನು ಕನಿಕರದಿಂದ ನೋಡಿದರು. “ಇರ್ಲಿ ಬಿಡವಾ, ಚಟ್ನಿ ಕಲ್ಲಿನಾಗ ಅರೀತೀನಿ. ನಿನಗೂ ಒಂದೀಟು ಕಳಸ್ತೀನಿ. ಕಾಗದದ ಮ್ಯಾಲೆ ಹೊಟ್ಟಿ ತುಂಬಂಗಿಲ್ಲ.”

ಅಪ್ಪನ ತಂತಿ

ಮೂಡಲಗಿಯ ಕಾಲೇಜೊಂದಕ್ಕೆ ಉಪನ್ಯಾಸಕ್ಕೆ ಕರೆದಿದ್ದರು. “ನೀವು ಟ್ರಿಪ್ಪಿಗೆ ಹೋಗಬೇಕು. ಅಪ್ಪ, ಅವ್ವ ಇಬ್ಬರೂ ಒಪ್ಪಬೇಕಂದ್ರ ‘ಮತ್ತು’ ಗೇಟು. ಒಬ್ಬರು ಒಪ್ಪಿದ್ರೂ ನಡೀತೈತಿ ಅಂದ್ರ ‘ಅಥವಾ’ ಗೇಟು. ನಿಮ್ಮ ಮನ್ಯಾಗ ಯಾವುದೈತಿ?” ಎಂದು ಹಲಗೆಯ ಮೇಲೆ ಚಿತ್ರ ಬರೆದು ಕೇಳಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೊಂಚ ಯೋಚಿಸಿದಳು. “ಗೇಟ ಇಲ್ರಿ ಮೇಡಂ. ಅವ್ವನಿಂದ ನೆಟ್ಟಗ ಒಂದ ತಂತಿ ಬರ್ತೈತಿ. ಅಪ್ಪನ್ನೂ ಕೇಳ್ತೀವ್ರಿ, ಆದ್ರ ಅವರ ತಂತಿ ಎಲ್ಲಿಗೂ ಕೂಡಿಲ್ಲ.”

ಉತ್ತರ ಸರಿಯಾಗಿಯೇ ಇತ್ತು. ಯಾವ ಇನ್‌ಪುಟ್ ಬದಲಾದರೂ ಫಲ ಬದಲಾಗುವುದಿಲ್ಲವೋ ಅದನ್ನು ಕಿತ್ತುಹಾಕಬಹುದು, ಸರ್ಕೀಟು ಚಿಕ್ಕದಾಗುತ್ತದೆ ಎಂದು ವಿವರಿಸಿ, ಹಲಗೆಯ ಮೇಲಿದ್ದ ‘ಅಪ್ಪ’ನನ್ನು ಅಳಿಸಿದೆ. ಯಾರೂ ನಗಲಿಲ್ಲ. ಎಲ್ಲರೂ ಹಿಂದಿನ ಸಾಲಿನತ್ತ ತಿರುಗಿದರು.

ಅಲ್ಲಿ ಕೂತಿದ್ದ ಪ್ರಾಚಾರ್ಯರು ಮೆಲ್ಲಗೆ ಹೇಳಿದರು: “ಬರೋಬ್ಬರಿ ಅಳಿಸಿದ್ರಿ ಮೇಡಂ. ಆಕಿ ನನ್ನ ಮಗಳು.”

ಪಾವಟಿಗೆಯ ದೀಪ

ಹುಕ್ಕೇರಿಯಲ್ಲಿ ನಮ್ಮ ಅತ್ತೆಯ ಮನೆ. ಪಾವಟಿಗೆಯ, ಎಂದರೆ ಮಹಡಿ ಮೆಟ್ಟಿಲಿನ, ದೀಪಕ್ಕೆ ಮೇಲೊಂದು, ಕೆಳಗೊಂದು ಸ್ವಿಚ್ಚು. ಯಾವುದನ್ನು ಒತ್ತಿದರೂ ಆರಿದ್ದು ಹತ್ತುತ್ತದೆ, ಹತ್ತಿದ್ದು ಆರುತ್ತದೆ. ಅವತ್ತು ಅತ್ತೆ ಮಾವ ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದರು. ಸಂಜೆ ಮಾವ ಇಳಿಯಲು ಬಂದರು, ಅತ್ತೆ ಹತ್ತಲು ಹೋದರು. ಕತ್ತಲೆ ಹಾಗೇ ಉಳಿಯಿತು.

“ನಾ ಹಚ್ಚಿದ್ದನ್ನ ಆರಸ್ತೀಯೇನು?” ಎಂದು ಮೇಲಿನಿಂದ ಮಾವ.

“ಆರ್ಸಿದವರು ನೀವ,” ಎಂದು ಕೆಳಗಿನಿಂದ ಅತ್ತೆ.

“ಯಾರೂ ಆರ್ಸಿಲ್ರಿ. ಇಬ್ಬರೂ ಕೂಡೇ ಒತ್ತೀರಿ. ಒಬ್ಬರದು ಇನ್ನೊಬ್ಬರದನ್ನ ಹೊಡದು ಹಾಕೇತಿ,” ಎಂದೆ.

ಮಾವ ಕಟಕಟೆ ಹಿಡಿದು ಕೆಳಗೆ ಬಗ್ಗಿದರು. “ಅಂದ್ರ ನನ್ನ ಸಲುವಾಗಿ ಒತ್ತಿದ್ದೇನು?”

“ಮತ್ಯಾರ ಸಲುವಾಗಿ? ಮೊಣಕಾಲು ನೋವು ಯಾರಿಗೈತಿ?”

ಇಬ್ಬರ ಮನಸ್ಸೂ ಕರಗಿತು. ಇಬ್ಬರೂ ಕೂಡಿಯೇ ಮತ್ತೊಮ್ಮೆ ಸ್ವಿಚ್ಚು ಒತ್ತಿದರು.

ಬಸ್ಸಿನ ಹಿರಿಯರು

ಇಷ್ಟು ವರ್ಷವಾದರೂ ಕೈಗೇನೂ ಹತ್ತಿಲ್ಲವಲ್ಲ ಎಂದು ಬೆಳಗಾವಿಯಲ್ಲಿ ನನ್ನ ಪಿಎಚ್‌ಡಿ ಗೈಡ್ ಅಂದಿದ್ದರು. ಮನಸ್ಸು ಮುದುಡಿ ಹುಕ್ಕೇರಿ ಬಸ್ಸು ಹತ್ತಿದೆ. ಹತ್ತರಗಿ ದಾಟುವಾಗ ಪಕ್ಕದ ಹಿರಿಯರು, “ಮುಖ ಯಾಕ ಸಣ್ಣ ಆಗೇತ್ರಿ ಅಕ್ಕಾರ?” ಎಂದರು.

ಹೇಳಿಕೊಂಡೆ. “ಸಣ್ಣ ಸರ್ಕೀಟಿಗೆ ಬಗ್ಗಲಾರದ ಪ್ರಶ್ನೆ ರಗಡ, ಎಣಿಸಾಕ ಆಗದಷ್ಟು ಅದಾವ್ರಿ. ಅದು ಸಿದ್ಧ ಆಗೇತಿ. ಆದ್ರ ನಮಗ ಬೇಕಾದ ಪ್ರಶ್ನೆಗಳ ಪೈಕಿ ಇದ ಅಂಥಾದ್ದು ಅಂತ ಒಂದರ ಮ್ಯಾಲೆ ಬಟ್ಟು ಇಡಾಕ ಯಾರಿಗೂ ಆಗಿಲ್ಲ. ನಾನೂ ಅದರ ಬೆನ್ನ ಹತ್ತೇನಿ.”

“ಸಿಗದಿದ್ರ?”

“ಯಾಕ ಸಿಗವಲ್ದು ಅಂತ ಸರಿಯಾಗಿ ಬರದು ಕೊಟ್ರೂ ಡಾಕ್ಟರೇಟ್ ಕೊಡ್ತಾರ್ರಿ.”

ಹಿರಿಯರು ಸೀಟಿನಲ್ಲಿ ಸರಿದು ನನ್ನತ್ತ ತಿರುಗಿದರು.

“ನಾ ಪೊಲೀಸ ಖಾತೇದಾಗ ಇದ್ದೆ. ಕಳ್ಳರು ರಗಡ ಅದಾರಂತ ನನಗೂ ಗೊತ್ತಿತ್ತು, ಒಬ್ಬನ ಮ್ಯಾಲೂ ಬಟ್ಟು ಇಡಾಕ ಆಗಲಿಲ್ಲ. ಯಾಕ ಸಿಗವಲ್ರು ಅಂತ ಸವಿಸ್ತಾರ ಬರದೂ ಕೊಟ್ಟೆ,” ಎಂದು ನಿಟ್ಟುಸಿರು ಬಿಟ್ಟರು. “ನನಗ ವರ್ಗಾ ಮಾಡಿದ್ರು.”