ಬಾಗಿಲಲ್ಲಿ ಸೌತೆಕಾಯಿ

ತೊಮಿಕೊ: ರೀ, ನನ್ನ ಮುಖ ನೋಡಿ ಹೇಳಿ. ನಾನು ಕೊಲೆಗಡುಕಿ ಥರ ಕಾಣ್ತೀನಾ?

ನಾನು: ಬೆಳಿಗ್ಗೇನಾ, ಸಾಯಂಕಾಲಾನಾ?

ತೊಮಿಕೊ: ತಮಾಷೆ ಸಾಕು. ಈ ಹುಡುಗಿ ನಾನು ಕೊಟ್ಟ ಸೌತೆಕಾಯಿ ನೋಡಿ ಹಿಂದಕ್ಕೆ ಸರಿದ್ಲು. ಆಮೇಲೆ ಫೋಟೋ ತೆಗೆದ್ಲು. ತಿನ್ನಲಿಲ್ಲ.

ಹುಡುಗಿ ಒಸಾಕಾದವಳು, ಹೆಸರು ಹೊನೊಕಾ. ನಮ್ಮ ಅಂಗಳದಲ್ಲೇ ನಿಂತಿದ್ದಳು. ಬೇಸಿಗೆ ಬಂತೆಂದರೆ ನಮ್ಮೂರಲ್ಲಿ ಸೌತೆಕಾಯಿ ಮಿತಿಮೀರಿ ಬಿಡುತ್ತದೆ. ಯಾರದಾದರೂ ಬಾಗಿಲಲ್ಲಿ ಒಂದಿಷ್ಟು ಇಟ್ಟು, ಮನೆಯವರನ್ನು ಕೂಗದೆ ಬಂದುಬಿಡುವುದು ಊರಿನ ವಾಡಿಕೆ. ಪಕ್ಕದ ಮನೆ ಫುಸಾಳ ಮಾಳಿಗೆಯಲ್ಲಿ ಒಂದು ಬೇಸಿಗೆ ತಂಗಿದ್ದ ಚಿತ್ರಕಾರ ಅದನ್ನೇ ಹಿಡಿದು ದೆವ್ವದ ಕಥೆಯಂಥ ಕಾರ್ಟೂನ್ ಸಿನಿಮಾ, ಅದೇ ಆನಿಮೆ, ಮಾಡಿಬಿಟ್ಟ. ಅದರಲ್ಲೊಬ್ಬ ಅಜ್ಜಿ ಬಾಗಿಲಲ್ಲಿ ಸೌತೆಕಾಯಿ ಇಡುತ್ತಾಳೆ. ಬೆಳಗಾಗುವಷ್ಟರಲ್ಲಿ ಆ ಮನೆಯವರು ಹೆಣ. ಈಗ ಊರು ನೋಡಲು ಬಸ್ಸು ತುಂಬ ಜನ. ಅದರಲ್ಲಿನ ಸೌತೆಕಾಯಿಯ ವಿಷಯ ಮಾತ್ರ ನಾನು ಹೆಂಡತಿಯ ಮುಂದೆ ಎತ್ತಿರಲಿಲ್ಲ. ನನಗೂ ಊಟ ಬೇಕಲ್ಲ.

ಹೊನೊಕಾ: ಬೇಜಾರು ಮಾಡ್ಕೋಬೇಡಿ ಅಜ್ಜಿ. ಅದೇ ತಲೆಬಟ್ಟೆ, ಅದೇ ಕುಡುಗೋಲು. ನನಗೆ ಮೈ ಜುಂ ಅಂತು.

ತೊಮಿಕೊ: ಕುಡುಗೋಲು ಇಲ್ಲದೆ ಹುಲ್ಲೇನು ಹಲ್ಲಲ್ಲಿ ಕೊಯ್ಯಲಾ? ಈ ಊರಲ್ಲಿ ನಾನು ಸೌತೆಕಾಯಿ ಇಡದ ಮನೆಯಿಲ್ಲ. ಯಾರಾದ್ರೂ ಸತ್ರಾ?

ನಾನು: ಸತ್ತಿಲ್ಲ. ಸಾಕಪ್ಪಾ ಅಂದವರಿದ್ದಾರೆ.

ತೊಮಿಕೊ: ನೀವು ಸುಮ್ನಿರಿ. ಇನ್ನು ನಾನು ಯಾವ ಮುಖ ಹೊತ್ಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗಲಿ?

ಅವಳ ದನಿ ನಿಜವಾಗಿಯೂ ಇಳಿದಿತ್ತು. ಸೌತೆಕಾಯಿ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ನನಗೂ ಪಾಪ ಅನ್ನಿಸಿತು, ಹುಡುಗಿಗೂ.

ಹೊನೊಕಾ: ಅಯ್ಯೋ, ಆ ಅಜ್ಜಿ ನೀವಲ್ಲ. ಸುಮ್ಮನೆ ಹೋಲಿಕೆ ಹೇಳಿದೆ ಅಷ್ಟೆ. ನಿಜವಾದವರು ಪಕ್ಕದ ಮನೆ ಫುಸಾ ಅಜ್ಜಿ. ಅವರನ್ನ ನೋಡೇ ಬರೆದದ್ದಂತೆ. ಅವರೇ ಹೇಳಿ, ನನ್ನ ಟೋಪಿ ಮೇಲೆ ಸಹಿ ಹಾಕಿಕೊಟ್ರು.

ಬುಟ್ಟಿ ಧೊಪ್ಪೆಂದು ನೆಲಕ್ಕೆ ಬಂತು.

ತೊಮಿಕೊ: ಫುಸಾನಾ? ಜನ್ಮದಲ್ಲಿ ಒಂದು ಬಾಡಿದ ಸೌತೆಕಾಯೀನೂ ಯಾರಿಗೂ ಕೊಟ್ಟವಳಲ್ಲ. ಅವಳು ಇಡೀ ಊರನ್ನ ಕೊಂದಳಾ?

ನಾನು: ಹೋಗಲಿ ಬಿಡು. ನಿನ್ನ ಮೇಲಿನ ಅಪವಾದ ಕಳೀತಲ್ಲ.

ತೊಮಿಕೊ: ಏನು ಕಳೆಯೋದು? ಅವನು ಮಲಗಿದ್ದು ಅವಳ ಮಾಳಿಗೇಲಿ, ತಿಂದಿದ್ದು ನನ್ನ ಸೌತೆಕಾಯಿ. ಬೆನ್ನು ಬಗ್ಗಿಸಿ ಬೆಳೆದವಳು ನಾನು, ಸಹಿ ಹಾಕೋಕೆ ಅವಳು. ಕೇಳಮ್ಮ, ಆ ಕೊಲೆಗಳಷ್ಟೂ ನಾನೇ ಮಾಡಿದ್ದು. ಬೇಕಾದ್ರೆ ಇವರನ್ನ ಕೇಳು.

ನಾನು: ಹೌದಮ್ಮ. ಬುಟ್ಟಿ ಹೊತ್ತವನು ನಾನೇ.

ತೊಮಿಕೊ: ಕೊಡಿಲ್ಲಿ ಆ ಟೋಪಿ.

ಫುಸಾಳ ಸಹಿಯ ಮೇಲೇ ತನ್ನ ಸಹಿಯನ್ನು ಇನ್ನೂ ದಪ್ಪಕ್ಕೆ ಹಾಕಿದಳು. ಕುಡುಗೋಲು ಎತ್ತಿ, ಕಣ್ಣು ಕೆಕ್ಕರಿಸಿ ಫೋಟೋಗೂ ನಿಂತಳು. ಆಮೇಲೆ ಎಳೆಯ ಸೌತೆಕಾಯಿ ಎರಡನ್ನು ಆರಿಸಿ, ಜೋಡಿಸಿ ಹುಲ್ಲಿನಿಂದ ಬಿಗಿದಳು.

ನಾನು: ಇದು ಯಾರಿಗೆ?

ತೊಮಿಕೊ: ಫುಸಾ ಬಾಗಿಲಿಗೆ. ಆ ಅಜ್ಜಿ ಯಾರು ಅಂತ ಅವಳಿಗೂ ಗೊತ್ತಾಗಲಿ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಹೊಸ್ತಿಲ ಮುಂದೆ ಎರಡು ಸೌತೆಕಾಯಿ. ಹುಲ್ಲಿನ ಗಂಟು ಕೂಡ ಬಿಚ್ಚಿರಲಿಲ್ಲ.

ತೊಮಿಕೊ: ನೋಡಿದ್ರಾ? ಕೊಲ್ಲೋಕೂ ಅವಳಿಗೆ ನಮ್ಮನೆ ಸೌತೆಕಾಯೇ ಆಗಬೇಕು.