ವಾಸನೆ ಕೊಡದೆ ಬಂದ ಬ್ಯಾಕ್ಟೀರಿಯಾ ಮಹಾಶಯರಿಗೆ

ಮಿಕ್ಕ ಅನ್ನದ ಕೊಳಗದಲ್ಲಿ ಸಪರಿವಾರ ಬಿಡಾರ ಹೂಡುವ ಬ್ಯಾಕ್ಟೀರಿಯಾ ಮಹಾಶಯರ ಸನ್ನಿಧಾನಕ್ಕೆ, ಮಲ್ಲಂದೂರಿನ ಕಾಫಿ ಬೆಳೆಗಾರ ಸೋಮಶೇಖರಪ್ಪನವರ ಹೆಂಡತಿ ಶಿವಗಂಗಮ್ಮ ದೂರದಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕುಲದ ಮೇಲೆ ನನಗೆ ಹಗೆಯಿಲ್ಲ. ನನ್ನ ಮನೆಯ ಹಾಲನ್ನು ಮೊಸರು ಮಾಡುವವರು ತಮ್ಮವರೇ, ದೋಸೆ ಹಿಟ್ಟಿಗೆ ಹುಳಿ ಕೊಟ್ಟು ಉಬ್ಬಿಸುವವರೂ ತಮ್ಮವರೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ತೊಟ್ಟಿಯಲ್ಲಿ ಬೀಜದ ಲೋಳೆ ಬಿಡಿಸುವವರಲ್ಲೂ ತಮ್ಮ ನೆಂಟರಿದ್ದಾರಂತೆ. ಅವರೆಲ್ಲ ಎಂಥ ಮರ್ಯಾದಸ್ಥರೆಂದರೆ, ಕೆಲಸ ಮುಗಿದರೆ ಹುಳಿ ವಾಸನೆ ಕಳಿಸಿ ತಿಳಿಸುತ್ತಾರೆ, ನಾವು ಮೈಮರೆತರೆ ಗಬ್ಬು ನಾರಿ ಎಚ್ಚರಿಸುತ್ತಾರೆ. ಆ ವಾಸನೆ ಹಿಡಿಯುವುದರಲ್ಲಿ ನಮ್ಮ ಯಜಮಾನರ ಮೂಗು ಊರಿಗೇ ಹೆಸರುವಾಸಿ. ತೊಟ್ಟಿಯ ಮೇಲೆ ಬಗ್ಗಿ ಮೂಸಿ "ಆಯ್ತು, ತೊಳೀರಿ" ಎಂದರೆ ಮೇಸ್ತ್ರಿಯೂ ಎದುರಾಡುವುದಿಲ್ಲ. ನಮ್ಮ ಗ್ರಹಚಾರ, ಆ ಮೂಗು ಅಡುಗೆಮನೆಗೂ ಬಂತು.

ಮಗಳು ಅರ್ಚನಾಳ ನಿಶ್ಚಿತಾರ್ಥಕ್ಕೆ ಬಂದ ಬಾಳೂರಿನ ಬೀಗರು ಆ ರಾತ್ರಿ ನಮ್ಮಲ್ಲೇ ಉಳಿದರು. ಒಂದು ಕೊಳಗ ಅನ್ನ ಮಿಕ್ಕಿತ್ತು. ಈ ಚಳಿಗೆ ದೋಸೆ ಹಿಟ್ಟು ಉಬ್ಬಲೆಂದು ನಾವು ಪಾತ್ರೆಗೆ ಕಂಬಳಿ ಹೊದಿಸಿ ಒಲೆ ಪಕ್ಕ ಇಡುವುದುಂಟು. ಬೀಗರ ಚಿತ್ರಾನ್ನಕ್ಕೆ ಬೆಚ್ಚಗಿರಲೆಂದು ಯಜಮಾನರು ಅನ್ನಕ್ಕೂ ಅದೇ ಉಪಚಾರ ಮಾಡಿದರು. ಬೆಳಿಗ್ಗೆ ನಾನದನ್ನು ಚೆಲ್ಲಲು ಹೊರಟಾಗ ಅವರು ಮುಚ್ಚಳ ತೆಗೆದು ಮೂಸಿ, "ಎಂಥದೂ ಆಗಿಲ್ಲ ಮಾರಾಯ್ತಿ, ಘಮ ಅಂತಿದೆ. ಒಗ್ಗರಣೆ ಕಾವಿಗೆ ಎಂಥ ಹುಳ ಇದ್ರೂ ಸಾಯ್ತದೆ" ಎಂದು ತೀರ್ಪು ಕೊಟ್ಟರು.

ಚಿತ್ರಾನ್ನ ರುಚಿಯಾಗಿಯೇ ಇತ್ತಂತೆ, ಬೀಗಿತ್ತಿ ಮತ್ತೊಮ್ಮೆ ಬಡಿಸಿಕೊಂಡರು. ಬೀಗರ ಜೀಪು ಮೂಡಿಗೆರೆ ದಾಟುತ್ತಿದ್ದಂತೆ ಒಬ್ಬೊಬ್ಬರಿಗೇ ವಾಂತಿ ಶುರುವಾಯಿತು. ತಿರುವಿನ ದೋಷವೆಂದು ಡ್ರೈವರ್ ಮಲ್ಲೇಶ್ ಎಲ್ಲರಿಗೂ ನಿಂಬೆಹಣ್ಣು ಮೂಸಲು ಕೊಟ್ಟು, ಮುಂದಿನ ತಿರುವಿನಲ್ಲಿ ತಾನೇ ಜೀಪು ನಿಲ್ಲಿಸಿ ಚರಂಡಿಯ ಕಡೆ ಓಡಿದನಂತೆ. ಮಂಚಕ್ಕೊಂದು ಡ್ರಿಪ್ಪು ಹಾಕಿಕೊಂಡು ಬೀಗರ ಬಳಗವೆಲ್ಲ ಆಸ್ಪತ್ರೆಯಲ್ಲಿ ಮಲಗಿತು. ಸುದ್ದಿ ಕೇಳಿ ಅಲ್ಲಿಗೆ ಓಡಿಹೋದ ನನಗೆ ಡಾಕ್ಟರಮ್ಮ ಹೇಳಿದ್ದಿಷ್ಟು: "ಇದಕ್ಕೆ ವಾಸನೆ, ರುಚಿ ಎಂಥದೂ ಇರೋದಿಲ್ಲ ಅಮ್ಮ. ಅನ್ನ ರಾತ್ರಿಯಿಡೀ ಬೆಚ್ಚಗಿಟ್ರೆ ವಿಷ ಹುಟ್ತದೆ. ಆಮೇಲೆ ಹುರಿದ್ರೂ ಹೋಗೋದಿಲ್ಲ."

ಆಹಾ, ಎಂಥ ದೂರದೃಷ್ಟಿ ತಮ್ಮದು! ನಾವು ಒಗ್ಗರಣೆಗೆ ಸಾಸಿವೆ ಹುಡುಕುವ ಮೊದಲೇ ತಾವು ಕೆಲಸ ಮುಗಿಸಿ ಕೈತೊಳೆದುಕೊಂಡಿದ್ದಿರಿ. ನಮ್ಮ ತಾಲ್ಲೂಕಿನ ಯಾವ ಕಚೇರಿಯಲ್ಲೂ ಇಷ್ಟು ಚುರುಕು ನಾನು ಕಂಡಿಲ್ಲ. ಆದರೆ ಬೀಗರು ಉಂಡೆದ್ದ ಮೇಲೆಯೇ ಮನೆಯವರು ಕೂರುವ ಪದ್ಧತಿ ನಮ್ಮದು, ಅಷ್ಟರಲ್ಲಿ ಕೊಳಗ ತಳ ಕಂಡಿತ್ತು. ಹಾಗಾಗಿ ನಮ್ಮಲ್ಲಿ ಒಬ್ಬರಿಗೂ ಎಂಥದೂ ಆಗಲಿಲ್ಲ. "ಹೆಣ್ಣಿನ ಮನೆಯವ್ರು ತಾವು ಉಣ್ಣದ್ದನ್ನು ನಮಗೆ ಹಾಕಿದ್ರು" ಎಂದು ಈಗ ಬಾಳೂರೆಲ್ಲ ಮಾತು. ಮದುವೆಯ ಮಾತೇ ನಿಂತುಹೋಗಿದೆ. ಅರ್ಚನಾ ಫೋನು ಹಿಡಿದುಕೊಂಡು ಕೂತಲ್ಲೇ ಕೂತಿದ್ದಾಳೆ.

ಆದಕಾರಣ ವಿನಂತಿ. ಇನ್ನು ಮುಂದೆ ತಾವು ದಯಮಾಡಿ ಸ್ವಲ್ಪ ನಾರಬೇಕು. ಅದು ಅಂತಸ್ತಿಗೆ ಕಡಿಮೆಯೆನಿಸಿದರೆ ಅನ್ನವನ್ನು ನೀಲಿಯಾದರೂ ಮಾಡಬಹುದು. ಏಕೆಂದರೆ ತಮ್ಮನ್ನು ಬದಲಾಯಿಸುವುದು ನಮ್ಮ ಯಜಮಾನರನ್ನು ಬದಲಾಯಿಸುವುದಕ್ಕಿಂತ ಸುಲಭವೆಂದು ನನಗೆ ಮನವರಿಕೆಯಾಗಿದೆ. ಸಾಧ್ಯವಾದರೆ ಮೊಸರಿನವರ ಬಳಿ ನಾಲ್ಕು ದಿನ ಇದ್ದು ನಡತೆ ಕಲಿಯಿರಿ, ತಮ್ಮ ಊಟ ವಸತಿ ಖರ್ಚು ನಮ್ಮದು.

ಮಿಕ್ಕ ಅನ್ನವನ್ನು ಕೂಡಲೇ ತಣಿಸಿ ಫ್ರಿಜ್ಜಿಗಿಡಲು ಕಲಿತಿರುವ,
ತಮ್ಮ ವಿಶ್ವಾಸಿ
ಶಿವಗಂಗಮ್ಮ

ತಾ.ಕ.: ಪತ್ರ ಮುಗಿಸುವಾಗ ಬಾಳೂರಿನಿಂದ ಬೀಗಿತ್ತಿಯ ಫೋನು ಬಂತು. ಡಾಕ್ಟರಮ್ಮ ಅವರಿಗೂ ತಿಳಿಹೇಳಿದ್ದರಿಂದ ಮದುವೆ ಆಗುತ್ತದಂತೆ, ಅರ್ಚನಾ ನಗುತ್ತಾ ಅಳುತ್ತಿದ್ದಾಳೆ. ಒಂದೇ ಷರತ್ತು: ಮದುವೆಯ ಊಟಕ್ಕೆ ಹೆಣ್ಣಿನ ಅಪ್ಪ ಒಬ್ಬರೇ ಮೊದಲ ಪಂಕ್ತಿಯಲ್ಲಿ ಕೂರಬೇಕು, ಅವರು ಸಂಜೆಯವರೆಗೂ ನೆಟ್ಟಗೆ ಓಡಾಡಿಕೊಂಡಿದ್ದರೆ ಬೀಗರು ಎಲೆಯ ಮುಂದೆ ಬರುತ್ತಾರೆ. "ನೋಡಿದ್ಯಾ, ಗಂಡಿನ ಕಡೆಯವ್ರಿಗಿಂತ ಮೊದ್ಲು ನಂಗೆ ಎಲೆ! ಮರ್ಯಾದೆ ಅಂದ್ರೆ ಇದು" ಎಂದು ಯಜಮಾನರು ಹೊಸ ಪಂಚೆ ತರಲು ಮೂಡಿಗೆರೆಗೆ ಹೊರಟಿದ್ದಾರೆ. ನಾನು ತಡೆಯಲಿಲ್ಲ.