ಅಟ್ಟಕ್ಕೆ ಹೊಟ್ಟು, ಮಾನಕ್ಕೆ ಪೆಟ್ಟು

ಈ ಬೇಸಿಗೆಯಲ್ಲಿ ಸೂರ್ಯನ ಸೊಕ್ಕು ಮುರಿದೇ ತೀರುತ್ತೇನೆಂದು ಪ್ರತಿಜ್ಞೆ ಮಾಡಿದೆ. ಸಣ್ಣಪುಟ್ಟ ಪ್ರತಿಜ್ಞೆಯಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಬನಿಯನ್ನಿನಿಂದ ಬೆವರು ಹಿಂಡುತ್ತ ಮಾಡಿದ ಭೀಷ್ಮಪ್ರತಿಜ್ಞೆ! ಕುಕನೂರಿನ ಏಪ್ರಿಲ್ ಬಿಸಿಲೆಂದರೆ ಕೇಳಬೇಕೆ? ನಮ್ಮ ಹಂಚಿನ ಮನೆಯಲ್ಲಿ ಮಧ್ಯಾಹ್ನ ಒಂದು ಮಗ್ಗುಲಾಗಿ ಮಲಗಿದವರು ಇನ್ನೊಂದು ಮಗ್ಗುಲಿಗೆ ತಾವೇ ಹೊರಳಬೇಕು, ಇಲ್ಲವಾದರೆ ರೊಟ್ಟಿಯಂತೆ ಸೀದು ಹೋಗುತ್ತಾರೆ.

"ದಾನೇಶ್ವರಿ, ಇವತ್ತಿನಿಂದ ಶಾಖಕ್ಕ ನಮ್ಮ ಮನಿಯಾಗ ಪ್ರವೇಶ ಇಲ್ಲ!" ಎಂದು ಹೆಂಡತಿಗೆ ಸಾರಿದೆ.

"ಶಾಖಕ್ಕ ಆಮ್ಯಾಲ ಹೇಳ್ರಿ, ಮೊದಲ ಇಲಿಗೆ ಹೇಳ್ರಿ. ಜ್ವಾಳದ ಚೀಲ ಅರ್ಧ ಖಾಲಿ ಆಗೈತಿ," ಎಂದಳು ಅವಳು ರೊಟ್ಟಿ ಬಡಿಯುತ್ತ.

ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಯಾವ ವಸ್ತು ಶಾಖವನ್ನು ಬಿಡುತ್ತದೆ, ಯಾವುದು ತಡೆಯುತ್ತದೆ ಎಂದು ವರ್ಷಾನುಗಟ್ಟಲೆ ಹಲಗೆಯ ಮೇಲೆ ಬರೆದವನು. ಹಲಗೆಯ ವಿಜ್ಞಾನವನ್ನು ಹಂಚಿಗೆ ಏರಿಸುವ ಕಾಲ ಬಂದಿತ್ತು! ಹಂಚಿನ ಕೆಳಗೆ ಥರ್ಮಾಕೋಲ್ ಹಲಗೆಗಳ ಚಾವಣಿ ಹೊಡೆಸಿದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗಂಗಾವತಿಯ ರೈಸ್ ಮಿಲ್ಲಿನಿಂದ ತರಿಸಿದ ಭತ್ತದ ಹೊಟ್ಟನ್ನು ದಪ್ಪಗೆ ಹರಡಿಸಿದೆ. ಹೀಗೆ ಹಂಚಿಗೂ ಥರ್ಮಾಕೋಲಿಗೂ ನಡುವೆ ನಮಗೊಂದು ಹೊಸ ಅಟ್ಟವೇ ಹುಟ್ಟಿತು. ಫ್ಯಾನಿನ ಕೊಳವೆ ಇಳಿಯಲೆಂದು ನಡುವೆ ಒಂದು ತೂತು ಬಿಟ್ಟಿದ್ದೆ. ಖರ್ಚು ಎಷ್ಟಾಯಿತೆಂದು ದಾನೇಶ್ವರಿ ಕೇಳಿದಳು. ವಿಜ್ಞಾನಕ್ಕೆ ಬೆಲೆ ಕಟ್ಟಬಾರದೆಂದೆ. ಬಳೆ ಕೊಡಿಸಲು ನಾನು ಹಿಂದೆ ಮುಂದೆ ನೋಡಿದ್ದು ಅವಳಿಗೆ ನೆನಪಾಗಿರಬೇಕು. ಲಟ್ಟಣಿಗೆಯನ್ನು ತುಸು ಜೋರಾಗಿಯೇ ಇಟ್ಟಳು.

ಆದರೆ ಮನೆ ತಣ್ಣಗಾಯಿತು! ಸುಳ್ಳಲ್ಲ. ಮಧ್ಯಾಹ್ನ ಹೊದಿಕೆ ಕೇಳುವಷ್ಟಲ್ಲದಿದ್ದರೂ ಮನುಷ್ಯರಂತೆ ಮಲಗುವಷ್ಟು ತಂಪು. ನಾನು ದಾರಿಹೋಕರನ್ನೆಲ್ಲ ಕರೆದು, ಫ್ಯಾನಿನ ಕೆಳಗೆ ಕೂರಿಸಿ, ಭಾಷಣ ಬಿಗಿದು ಕಳಿಸತೊಡಗಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಹಜರತಬೀಯ ಕೋಳಿ ಕಾಣೆಯಾಯಿತು.

ಕೆಂಪು ಬಣ್ಣದ ಆ ಕೋಳಿಯ ಹೆಸರು ರಾಣಿ. ನಮ್ಮ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ರಾಣಿಯ ಗತ್ತಿನಲ್ಲೇ ಓಡಾಡುತ್ತಿತ್ತು. "ನಮ್ಮ ರಾಣಿನ್ನ ನೋಡೀರೇನ್ರಿ ಸರ್?" ಎಂದು ಹಜರತಬೀ ಕೇಳಿದಾಗ, "ನಾವು ಕೋಳಿ ಕಡೆ ನೋಡೂ ಮಂದಿ ಅಲ್ರೀ," ಎಂದು ಲಿಂಗಾಯತ ಗಾಂಭೀರ್ಯದಿಂದ ನಕ್ಕುಬಿಟ್ಟೆ. ಆ ನಗು ಮುಂದೆ ಬಹಳ ತುಟ್ಟಿಯಾಯಿತು.

ಕೋಳಿ ಕಾಣೆಯಾಗಿ ಹದಿನೈದು ದಿನ ಕಳೆದಿರಬೇಕು, ನಾನು ಮಠದ ಸಭೆ ಮುಗಿಸಿ ಬಂದು, ಅಂಗಿ ಗೂಟಕ್ಕೆ ಹಾಕಿ, ಮುಖ ತೊಳೆದು ಬರುವಷ್ಟರಲ್ಲಿ ದಾನೇಶ್ವರಿ ಅಂಗಿ ಹಿಡಿದು ನಿಂತಿದ್ದಳು. ಅದರ ಕಾಲರಿನ ಮೇಲೆ ಒಂದು ಕೆಂಪು ಪುಕ್ಕ!

"ಇದೇನ್ರೀ?"

"ಪುಕ್ಕ."

"ಯಾರದು?"

"ನನ್ನದಂತೂ ಅಲ್ಲ!"

"ಮಠಕ್ಕ ಹೋಗಿದ್ದೆ ಅಂತೀರಿ. ಇದು ಯಾವ ಸ್ವಾಮೇರು ಕೊಟ್ಟ ಪ್ರಸಾದ?"

ಗಾಳಿಗೆ ಹಾರಿ ಬಂದಿರಬೇಕೆಂದೆ. ಮರುದಿನ ನನ್ನ ದಿಂಬಿನ ಮೇಲೆ ಎರಡು ಪುಕ್ಕ. ಅದರ ಮರುದಿನ, ನಾನು ಓದುತ್ತಿದ್ದ ಪೇಪರಿನ ಮೇಲೆಯೇ ಒಂದು! ಗಾಳಿಗೆ ನನ್ನ ಮೇಲೆ ಅದೇಕೆ ಇಷ್ಟು ಪ್ರೀತಿಯೆಂದು ಹೇಳಲು ನನ್ನ ವಿಜ್ಞಾನದಲ್ಲಿ ಸೂತ್ರವಿರಲಿಲ್ಲ. ದಾನೇಶ್ವರಿ ಮಾತು ಬಿಟ್ಟಳು. ಚಟ್ನಿ ಬಡಿಸುವುದನ್ನೂ ಬಿಟ್ಟಳು. ಒಣ ರೊಟ್ಟಿ ಮುಂದಿಟ್ಟು, "ಹೊರಗ ಹೊಟ್ಟಿ ತುಂಬಿರತೈತಿ, ಇಲ್ಲಿ ಯಾಕ ಪಲ್ಯ?" ಎಂದು ಗೋಡೆಗೆ ಹೇಳಿದಳು. "ತಿಂದದ್ದಕ್ಕ ಸಿಟ್ಟಿಲ್ಲ. ಅಕ್ಕನಂಥ ಹಜರತಬೀ ಅವ್ರ ಕೋಳಿ ಕದಿಯೂದಂದ್ರ! ಮ್ಯಾಲ ಸುಳ್ಳು ಬ್ಯಾರೆ!" ಎಂದು ಅದೇ ಗೋಡೆಗೆ ಹೇಳಿ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನನ್ನ ಮಾತನ್ನು ನಂಬಿದವಳು ಒಂದು ಪುಕ್ಕವನ್ನು ಹೆಚ್ಚು ನಂಬಿದಳಲ್ಲ ಎಂದು ಆ ಒಣ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದೆ.

ಸುದ್ದಿ ಗೋಡೆ ಹಾರಿತು. ಸಂಜೆ ಹಜರತಬೀ ನನ್ನನ್ನು ಹಿತ್ತಲಿಗೆ ಕರೆದು, ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು:

"ಸರ್, ತಿನ್ನೂ ಆಸಿ ಆಗಿದ್ರ ಒಂದ ಮಾತು ಹೇಳಬೇಕಿತ್ರಿ. ನಾನ ಮಸಾಲಿ ಅರದು ಮಾಡಿ ಕೊಡ್ತಿದ್ದೆ. ಅಲ್ಲಾನ ಆಣಿ, ಯಾರಿಗೂ ಹೇಳ್ತಿದ್ದಿಲ್ಲ! ಆದ್ರ ಮೊಟ್ಟಿ ಇಡೂ ಕೋಳಿನ್ನ ಯಾಕ ಒಯ್ದ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಔದಾರ್ಯವನ್ನು ಹೇಗೆ ತಡೆದುಕೊಳ್ಳಲಿ!

ಭಾನುವಾರ ತಳಕಲ್ಲಿನಿಂದ ನಮ್ಮ ಮಾವ ಗವಿಸಿದ್ದಪ್ಪನವರು ಬಂದಿಳಿದರು. ದಾನೇಶ್ವರಿ ಫೋನು ಮಾಡಿದ್ದಳು. ಬಿಳಿ ರುಮಾಲು, ಬಿಳಿ ಧೋತರ, ಹಣೆಯ ತುಂಬ ವಿಭೂತಿ. ನೇರವಾಗಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕುಳಿತರು.

"ಮನಿ ಭಾಳ ತಂಪೈತಿ ಅಳಿಯಂದ್ರ. ಆದ್ರ ನಮ್ಮ ಮಗಳ ತಲಿ ಬಿಸಿ ಆಗೈತಿ. ಖರೇ ಹೇಳ್ರಿ, ಆ ಕೋಳಿ ಎಲ್ಲೈತಿ?"

ನಾನು ಉತ್ತರಿಸಲು ಬಾಯಿ ತೆರೆದೆ.

"ಕೊಕ್... ಕೊಕ್..."

ಸದ್ದು ಬಂದದ್ದು ನನ್ನ ಬಾಯಿಂದಲ್ಲ. ಆದರೆ ಮಾವನವರ ದೃಷ್ಟಿ ನಿಧಾನವಾಗಿ ನನ್ನ ಬಾಯಿಯಿಂದ ಇಳಿದು ಹೊಟ್ಟೆಯ ಮೇಲೆ ನಿಂತಿತು. ಅದೇ ಗಳಿಗೆಯಲ್ಲಿ ಫ್ಯಾನಿನ ತೂತಿನಿಂದ ಕೆಂಪು ಪುಕ್ಕವೊಂದು ತೇಲುತ್ತ ಬಂದು ನನ್ನ ಕಾಲ ಬಳಿ ಬಿತ್ತು. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು!

"ಮಾವಾರ, ಸಿಕ್ತು! ಕೋಳಿ ಹೊಟ್ಟಿನ್ಯಾಗ ಐತ್ರಿ!" ಎಂದು ಕಿರುಚಿದೆ.

ಭತ್ತದ ಹೊಟ್ಟಿಗೂ ಉಣ್ಣುವ ಹೊಟ್ಟೆಗೂ ನಮ್ಮ ಕಡೆಯ ಮಾತಿನಲ್ಲಿ ಕೂದಲೆಳೆಯ ಅಂತರ. ಆ ಕೂದಲೆಳೆಯಲ್ಲಿ ನಾನು ನೇಣು ಹಾಕಿಕೊಂಡಿದ್ದೆ.

"ಕೇಳಿದ್ಯಾ ಅಪ್ಪಾ! ತಾವ ಬಾಯಿಬಿಟ್ಟು ಒಪ್ಕೊಂಡ್ರು!" ಎಂದಳು ದಾನೇಶ್ವರಿ.

"ಈ ಹೊಟ್ಟಿ ಅಲ್ಲ ಮಾರಾಯ್ತಿ, ಮ್ಯಾಲಿನ ಹೊಟ್ಟು!"

"ಮ್ಯಾಲೊಂದು, ಕೆಳಗೊಂದು, ಎಷ್ಟು ಹೊಟ್ಟಿ ಅದಾವ ನಿಮಗ?" ಎಂದು ಮಾವನವರು ಕುರ್ಚಿಯಿಂದ ಅರ್ಧ ಎದ್ದರು.

ಇನ್ನು ಮಾತಿನಿಂದ ಪ್ರಯೋಜನವಿರಲಿಲ್ಲ. ಫ್ಯಾನು ಆರಿಸಿ, ಸ್ಟೂಲಿನ ಮೇಲೆ ಏರಿ, ಕಸಬರಿಗೆಯ ಹಿಡಿಯಿಂದ ಥರ್ಮಾಕೋಲನ್ನು ಮೆಲ್ಲಗೆ ಎತ್ತಿದೆ. ಮೆಲ್ಲಗೆಂದೇ ಎತ್ತಿದ್ದು, ದೇವರಾಣೆ! ಒಂದು ಹಲಗೆ ಸರಿಯಿತು, ಅದರ ಜೊತೆ ಪಕ್ಕದ್ದೂ ಜಾರಿತು, ಗಂಗಾವತಿಯ ಅಷ್ಟೂ ಹೊಟ್ಟು ಮಾವನವರ ರುಮಾಲಿನ ಮೇಲೆ ಅಭಿಷೇಕವಾಯಿತು! ಆ ಧೂಳಿನ ನಡುವಿನಿಂದ ರೆಕ್ಕೆ ಬಡಿಯುತ್ತ ಇಳಿದ ರಾಣಿ ಅವರ ಹೆಗಲನ್ನೇ ಸಿಂಹಾಸನ ಮಾಡಿಕೊಂಡಳು. ಹಿಂದೆಯೇ ಹೊಟ್ಟಿನ ರಾಶಿಯ ಮೇಲೆ ಜಾರುಬಂಡಿ ಆಡುತ್ತ ಬಂದವು ಮರಿಗಳು. ಒಂದು ಅವರ ಧೋತರದ ಮಡಿಲಲ್ಲಿ, ಉಳಿದವು ನೆಲದ ತುಂಬ. ಕಿಯ್, ಕಿಯ್, ಕಿಯ್!

ಸದ್ದಿಗೆ ಹಜರತಬೀ ಓಡಿ ಬಂದಳು.

"ಯಾ ಅಲ್ಲಾ! ರಾಣೀ, ಬಾಣಂತನಕ್ಕ ಇಲ್ಲಿಗೆ ಬಂದಿದ್ಯೇನ?"

ರಾಣಿ ನಮ್ಮ ಗೋಡೆಯಿಂದ ಸೂರಿಗೆ ಹಾರಿ, ಹಂಚಿನ ಸಂದಿಯಲ್ಲಿ ನುಗ್ಗಿ, ಮೆತ್ತನೆಯ ಹೊಟ್ಟಿನಲ್ಲಿ ಕಾವಿಗೆ ಕೂತಿದ್ದಳು. ಹೊಟ್ಟಿನಲ್ಲಿ ಉಳಿದಿದ್ದ ನುಚ್ಚೇ ಊಟ. ಮಾವನವರು ಮೀಸೆಯೊಳಗಿನ ಹೊಟ್ಟು ಊದಿಕೊಂಡು, "ಅಳಿಯಂದ್ರ, ಹೆಂಡ್ತಿ ಬಾಣಂತನಕ್ಕ ಒಂದ್ ಲೋಟ ನೀರು ಕಾಸಲಿಲ್ಲ ನೀವು. ಕೋಳಿಗೆ ಅಟ್ಟನ ಕಟ್ಟಿಸೀರಲ್ರೀ!" ಎಂದು ನಗತೊಡಗಿದರು.

ನಾನು ಎದೆಯುಬ್ಬಿಸಿ ಹೆಂಡತಿಯತ್ತ ತಿರುಗಿದೆ. "ಈಗೇನಂತಿ? ನಾ ಕಳ್ಳನಾ?"

"ಅಲ್ಲ ಬಿಡ್ರಿ," ಎಂದಳು ದಾನೇಶ್ವರಿ. ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು. "ಒಂದು ಕೋಳಿ ನಿಮ್ಮ ತಲಿ ಮ್ಯಾಲ ಸಂಸಾರ ಹೂಡಿದ್ರೂ ಗೊತ್ತಾಗ್ಲಿಲ್ಲ. ಅಂಥಾವ್ರು ಕೋಳಿ ಹಿಡದು ಕದಿಯೂದಂದ್ರ... ನನಗ ಬುದ್ಧಿ ಇದ್ದಿದ್ದಿಲ್ಲ, ಅನುಮಾನ ಪಟ್ಟೆ!"

ನನ್ನನ್ನು ನಿರಪರಾಧಿ ಎಂದು ಬಿಟ್ಟದ್ದಲ್ಲ, ನಿಷ್ಪ್ರಯೋಜಕ ಎಂದು ಬಿಟ್ಟದ್ದು! ಇರಲಿ, ಅಂದು ರೊಟ್ಟಿಯ ಜೊತೆ ಎಣ್ಣೆಗಾಯಿ ಬಂತು.

ವಾರದ ನಂತರ, ನನ್ನ ಜೊತೆ ಗಣಿತ ಕಲಿಸುವ ವಾಹೀದ ಮಾಸ್ತರರು ಮನೆಗೆ ಬಂದರು. ಅವರಿಗೂ ಹಂಚಿನ ಮನೆ, ಅವರಿಗೂ ಬೆವರು. ಬಾಯಿ ತೆರೆದ ಚಾವಣಿಯನ್ನೂ, ಮೂಲೆಯ ಹೊಟ್ಟಿನ ಗುಡ್ಡೆಯನ್ನೂ ನೋಡಿ ಕೇಳಿದರು:

"ಖರೇ ಹೇಳ್ರಿ ಸರ್. ಅಟ್ಟಕ್ಕ ಇಷ್ಟೆಲ್ಲಾ ಖರ್ಚು ಮಾಡಿದ್ರಿ, ಏನರ ಫಾಯ್ದಾ ಆತೇನು?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗೋಡೆಯಾಚೆಯಿಂದ ಹಜರತಬೀಯ ದನಿ ಬಂತು:

"ಆಗದ ಏನ್ರಿ ಸರ್! ಎಲ್ಲಾ ಮರಿ ಆರಾಮ ಅದಾವ!"